ವಿಜ್ಞಾನದ ಇತಿಹಾಸದಲ್ಲಿ ಕಾಣೆಯಾದ ಹೆಂಗಸರ ಹೆಸರು ಹುಡುಕೋದು ಹೇಗೆ?

ಹಳೇ ಸಂಶೋಧನಾ ಪೇಪರ್ ಕೈಗೆ ಸಿಕ್ರೆ ಮೊದಲು ಲೇಖಕರ ಪಟ್ಟಿ ಬಿಟ್ಟು ಕೆಳಗಿರೋ ಅಡಿಟಿಪ್ಪಣಿ ಓದಿ. ಎಷ್ಟೋ ಸಲ ಹೆಂಗಸರ ಹೆಸರು ಅಳಿಸಿ ಹೋಗಿರಲ್ಲ, ಯಾರೂ ಓದದ ಜಾಗದಲ್ಲಿ ಇರತ್ತೆ. ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬ್‌ನ 1955ರ ರಿಪೋರ್ಟ್ ಒಂದಿದೆ, ಫಿಸಿಕ್ಸ್‌ನಲ್ಲಿ ತುಂಬಾ ಫೇಮಸ್ಸು, ಫರ್ಮಿ ಪಾಸ್ಟಾ ಉಲಾಮ್ ಅಂತ ಮೂರು ಗಂಡಸರ ಹೆಸರಲ್ಲೇ ದಶಕಗಟ್ಟಲೆ ಕರೀತಿದ್ರು, ಆದ್ರೆ ಮೇನಿಯಾಕ್ ಕಂಪ್ಯೂಟರ್‌ಗೆ ಕೋಡ್ ಬರೆದು ಲೆಕ್ಕ ಓಡಿಸಿದ್ದು ಮೇರಿ ತ್ಸಿಂಗು, ಅವರಿಗೆ ಅಡಿಟಿಪ್ಪಣಿಯಲ್ಲಿ ಒಂದು ಸಾಲು ಥ್ಯಾಂಕ್ಸ್ ಇದೆ, ರಿಪೋರ್ಟ್ ಬರೆದವರ ಪಟ್ಟಿಯಲ್ಲಿ ಹೆಸರಿಲ್ಲ! ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ.

ಮೊದಲನೇ ಸಾಲೂ ಬಿಡ್ಬೇಡಿ. ಹಾರ್ವರ್ಡ್ ಖಗೋಳ ವೀಕ್ಷಣಾಲಯದ 1912ರ ಸರ್ಕ್ಯುಲರ್‌ಗೆ ಸಹಿ ಹಾಕಿರೋದು ಡೈರೆಕ್ಟರ್ ಪಿಕರಿಂಗ್, ಆದ್ರೆ ಇದನ್ನ ತಯಾರಿಸಿದ್ದು ಮಿಸ್ ಲೆವಿಟ್ (ಅಲ್ಲಿನ ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್) ಅಂತ ಶುರುವಲ್ಲೇ ಇದೆ. ನಕ್ಷತ್ರಗಳ ದೂರ ಅಳೆಯೋಕೆ ದಾರಿ ಮಾಡಿಕೊಟ್ಟ ಕೆಲಸ ಅದು.

ಆಮೇಲೆ ಹೆಸರು. ತವರಿನ ಹೆಸರು, ಮದುವೆ ಆದ್ಮೇಲಿನ ಹೆಸರು, ಬರೀ ಇನಿಷಿಯಲ್, ಮಿಸೆಸ್ ಅಂತ ಹಾಕಿ ಗಂಡನ ಹೆಸರು, ಎಲ್ಲಾ ಬೇರೆಬೇರೆ ಹಾಕಿ ಹುಡುಕಿ. ಗಂಡಸಿನ ಹೆಸರಲ್ಲಿ ಬರೆದವರೂ ಇದ್ದಾರೆ, ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್, ಗಣಿತಜ್ಞ ಗಾಸ್‌ಗೆ ಲೆಟರ್ ಬರೀತಿದ್ದಿದ್ದು ಮೊಸ್ಯೂ (ಅಂದ್ರೆ ಮಿಸ್ಟರ್) ಲಬ್ಲಾಂಕ್ ಅಂತ. ಆರ್ಕೈವ್‌ನಲ್ಲಿ (ಹಳೇ ದಾಖಲೆ ಇಡೋ ಜಾಗ) ನೀವು ಹುಡುಕ್ತಿರೋ ಹೆಂಗಸಿನ ಹೆಸರಿನ ಫೈಲೇ ಇಲ್ಲ ಅಂದ್ರೆ ಗಂಡನ, ಅಪ್ಪನ, ಅಣ್ಣನ ಫೈಲ್ ತರಿಸಿ ನೋಡಿ, ಕಾಗದಪತ್ರ ಅಲ್ಲಿ ಸೇರಿಕೊಂಡಿರಬಹುದು.

ಗ್ರೂಪ್ ಫೋಟೋ ಕೆಳಗಿನ ಹೆಸರುಗಳನ್ನೂ ಎಣಿಸಿ. 1971ರ ತಿಮಿಂಗಿಲ ಸಮ್ಮೇಳನದ ಒಂದು ಫೋಟೋದಲ್ಲಿ ಗಂಡಸರ ಹೆಸರೆಲ್ಲಾ ಇತ್ತು, ಇದ್ದ ಒಬ್ಬಳೇ ಹೆಂಗಸಿನ ಹೆಸರು ಇರಲಿಲ್ಲ, 2018ರಲ್ಲಿ ಟ್ವಿಟರ್‌ನಲ್ಲಿ ಒಬ್ರು ಕೇಳಿದ್ಮೇಲೆ ಆ ಹೆಂಗಸು ಯಾರು ಅಂತ ಗೊತ್ತಾಯ್ತು.

ಸಿಕ್ತು ಅಂತ ಖುಷಿಗೆ ಉಬ್ಬಿಸಿ ಮಾತ್ರ ಬರೀಬೇಡಿ ದಯವಿಟ್ಟು. ಅಮೆರಿಕದ ವಿಜ್ಞಾನಿ ಯೂನಿಸ್ ಫೂಟ್ 1856ರಲ್ಲೇ ಬಿಸಿಲಲ್ಲಿ ಗ್ಲಾಸ್ ಸಿಲಿಂಡರ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬಿಸಿಯಾಗತ್ತೆ ಅಂತ ತೋರಿಸಿದ್ರು, ಇದಕ್ಕೆ ಹೆಸರಾದ ವಿಜ್ಞಾನಿ ಜಾನ್ ಟಿಂಡಾಲ್‌ಗಿಂತ 3 ವರ್ಷ ಮುಂಚೆ. ಆದ್ರೆ ಬಿಸಿಲಿನ ಶಾಖ, ಭೂಮಿಯಿಂದ ವಾಪಸ್ ಹೋಗೋ ಶಾಖ ಎರಡನ್ನೂ ಆ ಪ್ರಯೋಗ ಬೇರೆ ಮಾಡಿರಲಿಲ್ಲ. ಎರಡೂ ಬರೀರಿ, ಪೂರ್ತಿ ಹಸಿರುಮನೆ ಪರಿಣಾಮ (ಭೂಮಿಯಿಂದ ವಾಪಸ್ ಹೋಗೋ ಶಾಖವನ್ನ ಗಾಳಿಯಲ್ಲಿರೋ ಅನಿಲ ತಡೆಯೋದು) ಕಂಡುಹಿಡಿದಿದ್ದು ಅವರೇ ಅಂದ್ರೆ ನಾಳೆ ಯಾರೋ ಅದನ್ನೇ ಹಿಡ್ಕೊಂಡು ಅವರು ನಿಜವಾಗಿ ಮಾಡಿದ್ದನ್ನೂ ತಳ್ಳಿಹಾಕ್ತಾರೆ.

ಪುಟದ ನಂಬರ್, ಫೈಲ್ ನಂಬರ್ ಸಮೇತ ನೋಟ್ ಮಾಡಿ, ಆರ್ಕೈವ್‌ನವರಿಗೆ ಕ್ಯಾಟಲಾಗ್‌ನಲ್ಲಿ ಹೆಸರು ಸೇರಿಸಿ ಅಂತ ಒಂದು ಮೇಲ್ ಹಾಕಿ.