ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಹತ್ತಿರದಲ್ಲೇ ಚಿಕಿತ್ಸೆ ಹುಡುಕುವುದು ಹೇಗೆ

ಮನೆಯಲ್ಲಿ ಒಬ್ಬರ ಕುಡಿತ ಕೈಮೀರಿದಾಗ ಉಳಿದವರ ಬಾಯಲ್ಲಿ ಮೊದಲು ಬರುವ ಮಾತು ‘ಯಾವುದಾದರೂ ಒಳ್ಳೆಯ ಸೆಂಟರ್ ಇದ್ದರೆ ಹೇಳಿ, ನಾಳೆಯೇ ಸೇರಿಸಿಬಿಡುತ್ತೇವೆ’ ಎಂಬುದು. ನಮ್ಮ ಸೋದರಮಾವನ ವಿಷಯದಲ್ಲಿ ನಾವೂ ಹೀಗೆಯೇ ಹೊರಟಿದ್ದೆವು. ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಫೋನು ಮಾಡಿ, ಅವರು ಕೇಳಿದಷ್ಟು ಮುಂಗಡ ಕೊಟ್ಟು, ಅಲ್ಲಿ ವೈದ್ಯರು ಇದ್ದಾರೆಯೇ ಎಂದು ಸಹ ವಿಚಾರಿಸದೆ ಅವರನ್ನು ಬಿಟ್ಟುಬಂದೆವು. ಮೂರು ತಿಂಗಳ ನಂತರ ಮನೆಗೆ ಬಂದವರು ಎರಡನೆಯ ವಾರಕ್ಕೆ ಮತ್ತೆ ಬಾಟಲಿ ಹಿಡಿದರು. ಅವರಿಗೆ ನಿಜವಾಗಿ ಗುಣ ಕಾಣಿಸತೊಡಗಿದ್ದು ನಮ್ಮದೇ ತಾಲ್ಲೂಕು ಆಸ್ಪತ್ರೆಯ ಒಂದು ಮಂಗಳವಾರದಿಂದ. ಮೊದಲು ಮನೋವೈದ್ಯರನ್ನು ಕಾಣಿರಿ, ಒಳರೋಗಿಯಾಗಿ ಸೇರಬೇಕೇ, ಎಲ್ಲಿ, ಎಷ್ಟು ದಿನ ಎಂಬುದು ಆ ಭೇಟಿಯಿಂದ ತೀರ್ಮಾನವಾಗಲಿ ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಆ ಅನುಭವದಿಂದಲೇ.

ಚಿಕಿತ್ಸೆ ಹುಡುಕುವ ಗಡಿಬಿಡಿಯಲ್ಲಿ ಮನೆಯವರು ಮಾಡುವ ಅಪಾಯಕಾರಿ ತಪ್ಪುಗಳು ಎರಡು. ಅವುಗಳ ಬಗ್ಗೆ ಮೊದಲೇ ಹೇಳುವುದು ಒಳ್ಳೆಯದು.

ಒಂದನೆಯದು, ವರ್ಷಗಟ್ಟಲೆ ದಿನವೂ ಕುಡಿಯುತ್ತ ಬಂದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ನೋಡುವುದು. ಮದ್ಯಕ್ಕೆ ಒಗ್ಗಿಹೋದ ಮಿದುಳಿಗೆ ಅದು ಇದ್ದಕ್ಕಿದ್ದಂತೆ ಸಿಗದೆ ಹೋದಾಗ, ಕೊನೆಯ ಬಾರಿ ಕುಡಿದ ಆರೆಂಟು ಗಂಟೆಗಳಲ್ಲೇ ಕೈನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದೊಳಗೆ ದಿಕ್ಕು ತಪ್ಪಿದಂತಾಗಿ, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ತೋರಿ, ಜ್ವರ ಬಂದು ಜೀವಕ್ಕೇ ಕುತ್ತಾಗುತ್ತದೆ. ಇದನ್ನು ಗಾಳಿ ಸೋಕಿತು ಎಂದುಕೊಂಡು ಯಂತ್ರ ಕಟ್ಟಿಸಲು ಹೋಗಿ ಸಮಯ ಕಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಇಂಥ ಲಕ್ಷಣ ಕಂಡ ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಕೆಲವು ದಿನ ನಿಗದಿತ ಪ್ರಮಾಣದ ಮಾತ್ರೆ ಮತ್ತು ಥಯಾಮಿನ್ ಎಂಬ ಬಿ1 ವಿಟಮಿನ್ ಕೊಟ್ಟರೆ ಹೆಚ್ಚಿನವರು ಈ ಘಟ್ಟವನ್ನು ಸುರಕ್ಷಿತವಾಗಿ ದಾಟುತ್ತಾರೆ.

ಎರಡನೆಯದು, ‘ರೋಗಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತು ನಂಬಿ ಸಾರಿನಲ್ಲೋ ಕಾಫಿಯಲ್ಲೋ ಪುಡಿ ಬೆರೆಸುವುದು. ಆ ಪುಡಿಯಲ್ಲಿ ಏನಿದೆ ಎಂದು ನಿಮಗೆ ತಿಳಿಯುವ ದಾರಿಯಿಲ್ಲ. ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧ ಇದ್ದು, ಅದರ ಅರಿವಿಲ್ಲದೆ ಆ ವ್ಯಕ್ತಿ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿದು ಪ್ರಾಣ ಹೋಗುವ ಸಂಭವವೂ ಉಂಟು. ಇದೇ ಔಷಧವನ್ನು ವೈದ್ಯರು ಕೊಡುತ್ತಾರೆ ನಿಜ, ಆದರೆ ರಕ್ತಪರೀಕ್ಷೆ ಮಾಡಿಸಿ, ರೋಗಿಗೆ ಎಲ್ಲವನ್ನೂ ವಿವರಿಸಿ, ಅವರ ಒಪ್ಪಿಗೆ ಪಡೆದ ಮೇಲೆ ಕೊಡುತ್ತಾರೆ. ಹೆಂಡತಿಯೇ ಊಟದಲ್ಲಿ ಏನೋ ಬೆರೆಸಿದಳು ಎಂದು ಗೊತ್ತಾದ ದಿನ ಮನೆಯಲ್ಲಿ ಉಳಿದಿದ್ದ ನಂಬಿಕೆಯೂ ಹೋಗುತ್ತದೆ, ಆಮೇಲೆ ಆಸ್ಪತ್ರೆಯ ಮಾತ್ರೆಯನ್ನೂ ಅವರು ಮುಟ್ಟುವುದಿಲ್ಲ.

ಎಲ್ಲಿಂದ ಆರಂಭಿಸಬೇಕು

ಯಾರನ್ನು ಕೇಳಬೇಕೆಂದು ತೋಚದಿದ್ದರೆ ಫೋನಿನಿಂದ ಆರಂಭಿಸಬಹುದು. ಟೆಲಿ-ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್ 10ರಂದು ಆರಂಭವಾದದ್ದು; ಹಗಲು ರಾತ್ರಿ ಎನ್ನದೆ ಕರೆ ಸ್ವೀಕರಿಸುತ್ತಾರೆ, ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ವ್ಯಸನಮುಕ್ತಿಗೆಂದೇ ನಡೆಸುವ ಸಹಾಯವಾಣಿ 14446. ಈ ಎರಡು ನಂಬರುಗಳಿಗೂ ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರು ಮಾಡಬಹುದು. ಸರ್ಕಾರಿ ನೆರವಿನ ಪುನರ್ವಸತಿ ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಕೇಳಿ, ವಿಳಾಸ ಬರೆದುಕೊಳ್ಳಿ.

ಮುಂದಿನ ಹೆಜ್ಜೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಇಲ್ಲವೇ ಹತ್ತಿರದ ಯಾವುದೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಜಿಲ್ಲಾ ಕೇಂದ್ರ ದೂರವೆನ್ನುವವರಿಗೆ ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದ್ದು, ಅದರಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬಂದು ರೋಗಿಗಳನ್ನು ನೋಡುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯಲ್ಲೋ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಊರಿನವರ ಕಣ್ಣಿಗೆ ಬೀಳುವ ಸಂಕೋಚವಿದ್ದವರಿಗೂ ಇದು ಅನುಕೂಲ, ಏಕೆಂದರೆ ಸಾಮಾನ್ಯ ಒಪಿಡಿ ಚೀಟಿ ಮಾಡಿಸಿಯೇ ಒಳಗೆ ಹೋಗುವುದು.

ಹೋಗುವಾಗ ಏನು ಒಯ್ಯಬೇಕು ಎಂಬುದನ್ನು ನಾನು ಕಲಿತದ್ದು ನಮ್ಮ ಅತ್ತೆಯಿಂದ. ಆಕೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಬಂದಿದ್ದರು: ಎಷ್ಟು ವರ್ಷದಿಂದ ಕುಡಿತ, ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಎದ್ದ ಕೂಡಲೇ ಬೇಕೇ, ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರು, ಮತ್ತು ಕೊನೆಯಲ್ಲಿ ‘ಎರಡು ವರ್ಷದ ಹಿಂದೆ ಒಮ್ಮೆ ಫಿಟ್ಸ್ ಬಂದಿತ್ತು’ ಎಂಬ ಒಂದು ಸಾಲು. ವೈದ್ಯರು ಮಾವನಿಗೆ ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ, ಅದೇ ಹಾಳೆಯನ್ನು ಬೆರಳುಗಳ ಮೇಲೆ ಇಟ್ಟರು. ಹಾಳೆ ಪಟಪಟನೆ ಅಲುಗಿತು. ಆಮೇಲೆ ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ, ಮನೆಯಲ್ಲಿ ಬಿಡಿಸುವುದು ಬೇಡ, ಇವತ್ತೇ ಜಿಲ್ಲಾ ಆಸ್ಪತ್ರೆಗೆ ಸೇರಿಸಿ ಎಂದು ಬರೆದುಕೊಟ್ಟರು. ಆ ಸಾಲು ಇಲ್ಲದಿದ್ದರೆ ಬರಿಯ ಮಾತ್ರೆ ಕೊಟ್ಟು ಕಳುಹಿಸುತ್ತಿದ್ದರೋ ಏನೋ. ಪ್ರಮಾಣ ಹೇಳುವಾಗ ಮರ್ಯಾದೆಗೆ ಅಂಜಿ ಕಡಿಮೆ ಹೇಳಬೇಡಿ. 180 ಮಿಲೀ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ವೈದ್ಯರು ಮಾತ್ರೆಯ ಪ್ರಮಾಣ ನಿರ್ಧರಿಸುವಾಗ ನೀವು ಕೊಟ್ಟ ಈ ಲೆಕ್ಕವನ್ನು ನಂಬಿಕೊಳ್ಳಬೇಕಾಗುತ್ತದೆ.

ಕಾಯಿಲೆ ಹೆಚ್ಚು ಜಟಿಲವಾಗಿದ್ದರೆ, ಅಂದರೆ ಕುಡಿತದ ಜೊತೆಗೆ ತೀವ್ರ ಖಿನ್ನತೆಯೋ ಸಂಶಯದ ಕಾಯಿಲೆಯೋ ಇದ್ದರೆ, ಇಲ್ಲವೇ ಹಲವು ಬಾರಿ ಚಿಕಿತ್ಸೆ ಆಗಿಯೂ ನಿಲ್ಲದಿದ್ದರೆ, ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಉಡುಪಿಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಕರಾವಳಿಯಲ್ಲಿ ಈ ಕೆಲಸಕ್ಕೆ ಹೆಸರಾದದ್ದು. ಆದರೂ ಮೊದಲ ಭೇಟಿಗೇ ಬೆಂಗಳೂರಿಗೆ ಬರುವುದು ಎಲ್ಲರಿಗೂ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಚಿಕಿತ್ಸೆ ವರ್ಷವಿಡೀ ನಡೆಯುವಂಥದ್ದಾದ್ದರಿಂದ, ಬಸ್ಸಿನಲ್ಲಿ ಒಂದು ಗಂಟೆಯಲ್ಲಿ ತಲುಪಬಹುದಾದ ಆಸ್ಪತ್ರೆಗೆ ತಿಂಗಳು ತಿಂಗಳು ಹೋಗುವುದು ದೂರದ ದೊಡ್ಡ ಆಸ್ಪತ್ರೆಗೆ ಒಮ್ಮೆ ಹೋಗಿ ಬಿಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ

ಖಾಸಗಿ ಕೇಂದ್ರಗಳಲ್ಲಿ ಶ್ರದ್ಧೆಯಿಂದ ನಡೆಯುವವು ಇವೆ, ಊಟ ಹಾಕಿ ಬೀಗ ಜಡಿಯುವುದನ್ನೇ ಚಿಕಿತ್ಸೆ ಎನ್ನುವವೂ ಇವೆ. ಇವೆರಡನ್ನು ಬೇರ್ಪಡಿಸಲು ನಿಮ್ಮ ಕೈಯಲ್ಲಿರುವ ಸಾಧನ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ತೊಂದರೆಗಳನ್ನು ಈ ಕಾಯ್ದೆ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಹೀಗಾಗಿ ಇಂಥವರನ್ನು ಒಳರೋಗಿಗಳಾಗಿ ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ತೋರಿಸಲು ಸಬೂಬು ಹೇಳಿದರೆ ಅಲ್ಲಿಂದಲೇ ಹಿಂದಿರುಗಿ.

ಪತ್ರ ನೋಡಿದ ಮೇಲೆ, ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ನೋಡುವವರು ಯಾರು, ಸಮೀಪದಲ್ಲಿ ಯಾವ ಆಸ್ಪತ್ರೆ ಇದೆ, ಮನೆಯವರಿಗೆ ಕೌನ್ಸೆಲಿಂಗ್ ಉಂಟೇ, ಬಿಡುಗಡೆಯಾದ ನಂತರ ಫಾಲೋ-ಅಪ್ ಹೇಗೆ ಎಂದು ಕೇಳಿ. ಮಲಗುವ ಕೋಣೆಯನ್ನೂ ಶೌಚಾಲಯವನ್ನೂ ಕಣ್ಣಾರೆ ನೋಡಿ, ಆಗಲೇ ಅಲ್ಲಿರುವ ಒಬ್ಬ ರೋಗಿಯೊಡನೆ ಐದು ನಿಮಿಷ ಮಾತನಾಡಲು ಅವಕಾಶ ಕೇಳಿ. ಮಾವನನ್ನು ಮೊದಲು ಬಿಟ್ಟುಬಂದ ಜಾಗದಲ್ಲಿ ಕಚೇರಿಯ ಕುರ್ಚಿ ಬಿಟ್ಟು ಒಳಗೆ ಒಂದು ಹೆಜ್ಜೆಯನ್ನೂ ನಮಗೆ ಇಡಗೊಡಲಿಲ್ಲ. ‘ಮೊದಲ ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ, ಅದೇ ಇಲ್ಲಿನ ಶಿಸ್ತು’ ಎಂದರು. ನಾವು ಅದನ್ನು ಶಿಸ್ತೆಂದೇ ನಂಬಿದೆವು. ವಾಸ್ತವದಲ್ಲಿ ಭೇಟಿಯಾಗುವ, ಫೋನಿನಲ್ಲಿ ಮಾತನಾಡುವ ಹಕ್ಕನ್ನು ಕಾಯ್ದೆ ರೋಗಿಗೆ ಕೊಟ್ಟಿದೆ. ಸರಪಳಿಯಲ್ಲಿ ಕಟ್ಟುವುದನ್ನು, ಬಲವಂತವಾಗಿ ತಲೆ ಬೋಳಿಸುವುದನ್ನು ಅದು ನಿಷೇಧಿಸಿದೆ. ಹೊಡೆತವಂತೂ ಯಾವ ಲೆಕ್ಕದಲ್ಲೂ ಚಿಕಿತ್ಸೆಯಲ್ಲ.

ಬಲವಂತದ ಸೇರ್ಪಡೆಯ ಬಗ್ಗೆಯೂ ತಿಳಿದಿರಬೇಕು. ತಾವೇ ಒಪ್ಪಿ ಸೇರಿದವರು ಹೊರಡುತ್ತೇನೆಂದರೆ ಬಿಟ್ಟುಕೊಡಬೇಕು. ಪರೀಕ್ಷಿಸಿ ನಿರ್ಧರಿಸಲೆಂದು ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಒಪ್ಪದವರನ್ನು, ಅವರಿಂದ ಅವರ ಜೀವಕ್ಕೋ ಇತರರಿಗೋ ಅಪಾಯವಿದ್ದಾಗ ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿ ಇದ್ದಾಗ, ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆ ಬೇರೆಯಾಗಿ ಪರೀಕ್ಷಿಸಿದ ನಂತರ, ಮೊದಲಿಗೆ 30 ದಿನಗಳವರೆಗೆ ಮಾತ್ರ ಸೇರಿಸಿಕೊಳ್ಳಲು ಅವಕಾಶವಿದೆ, ಅದನ್ನೂ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ರಾತ್ರೋರಾತ್ರಿ ವ್ಯಾನು ಕಳುಹಿಸಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರು ಈ ಯಾವುದನ್ನೂ ಮಾಡುವವರಲ್ಲ. ದೂರಿದ್ದರೆ ಆ ಮಂಡಳಿಗೇ ಬರೆಯಬಹುದು. ಅದರ ವಿಳಾಸ ಮತ್ತು ಫೋನ್ ನಂಬರನ್ನು ಪ್ರತಿ ಸಂಸ್ಥೆಯೂ ಕಾಣುವ ಜಾಗದಲ್ಲಿ ಹಾಕಿರಬೇಕೆಂಬ ನಿಯಮವಿದೆ.

ಖರ್ಚಿನ ಮಾತು. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಆಧಾರ್ ಮತ್ತು ಬಿಪಿಎಲ್ ಕಾರ್ಡು ಒಯ್ಯಿರಿ. ಖಾಸಗಿ ಆರೋಗ್ಯ ವಿಮೆ ಇದ್ದವರು ಪಾಲಿಸಿಯಲ್ಲಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿ ಓದಬೇಕು, ಏಕೆಂದರೆ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಕಾಯ್ದೆ ಹೇಳಿದರೂ ಮದ್ಯ, ಮಾದಕ ವ್ಯಸನದ ಚಿಕಿತ್ಸೆಯನ್ನು ಹಲವು ಪಾಲಿಸಿಗಳು ಹೊರಗಿಟ್ಟಿರುತ್ತವೆ.

ಗಾಂಜಾ, ಮಾತ್ರೆ, ಪುಡಿ

ಮಗನ ಚೀಲದಲ್ಲಿ ಗಾಂಜಾ ಸಿಕ್ಕಿದ ತಂದೆತಾಯಿಗೆ ಮೊದಲು ಕಾಡುವುದು ಪೊಲೀಸರ ಭಯ. ವೈದ್ಯರು ಚಿಕಿತ್ಸೆಗೆ ಬಂದವರ ವಿವರವನ್ನು ಗುಟ್ಟಾಗಿಡಬೇಕು. ಅಷ್ಟೇ ಅಲ್ಲದೆ, ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು. ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ಚಟಕ್ಕೆ ಬ್ಯುಪ್ರೆನಾರ್ಫಿನ್‌ನಂಥ ಔಷಧಗಳನ್ನು ದೀರ್ಘಕಾಲ ಕೊಡುವ ಕ್ರಮವಿದ್ದು, ಅದು ಎಲ್ಲ ಕಡೆ ಸಿಗದ ಕಾರಣ, ಎಲ್ಲಿ ಲಭ್ಯ ಎಂದು 14446ರಲ್ಲಿ ಮೊದಲೇ ವಿಚಾರಿಸಿ. 18 ವರ್ಷದೊಳಗಿನವರಾದರೆ ದೊಡ್ಡವರ ಜೊತೆ ಒಂದೇ ವಾರ್ಡಿನಲ್ಲಿ ಇರಿಸುವ ಜಾಗಕ್ಕೆ ಸೇರಿಸಲೇಬೇಡಿ. ಅದು ಕಾನೂನಿಗೂ ವಿರುದ್ಧ.

ಊರಿನೊಳಗಿನ ನೆರವು

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಆ ಸಮಿತಿಯೇ ಇದರ ನಿಜವಾದ ಬಲ ಎಂದು ನನಗನ್ನಿಸುತ್ತದೆ, ಏಕೆಂದರೆ ಶಿಬಿರ ಮುಗಿದ ಮೇಲೂ ಅದೇ ಊರಿನಲ್ಲಿ ಕುಡಿತ ಬಿಟ್ಟು ಬದುಕುತ್ತಿರುವ ನಾಲ್ಕು ಜನ ಕಣ್ಣೆದುರಿಗೆ ಇರುತ್ತಾರೆ. ಹಿಂದೆ ಫಿಟ್ಸ್ ಬಂದವರು, ಕಾಮಾಲೆಯಾದವರು, ಹೃದಯದ ತೊಂದರೆ ಇರುವವರು ಮಾತ್ರ ಮೊದಲು ಆಸ್ಪತ್ರೆಗೆ ಹೋಗಿ ನಂತರ ಶಿಬಿರದ ಮಾತು ಯೋಚಿಸಬೇಕು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ; ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಮನೆಯವರಿಗೆಂದೇ ಅಲ್-ಅನಾನ್ ಸಭೆಗಳಿವೆ.

‘ನನಗೇನೂ ಆಗಿಲ್ಲ, ಬರುವುದಿಲ್ಲ’ ಎಂದು ಹಟ ಹಿಡಿದವರ ಮನೆಯವರು ಕೈಚೆಲ್ಲಿ ಕೂರಬೇಕಾಗಿಲ್ಲ. ನೀವೊಬ್ಬರೇ ಹೋಗಿ ವೈದ್ಯರ ಬಳಿ ಮಾತನಾಡಬಹುದು. ಕುಡಿಯುವವರೊಡನೆ ಮಾತೆತ್ತುವುದಾದರೆ ಅಮಲಿನಲ್ಲಿರುವ ರಾತ್ರಿ ಬೇಡ, ಬೆಳಿಗ್ಗೆ ಮಾತನಾಡಿ. ‘ಕುಡುಕ’ ಎನ್ನದೆ, ನಿದ್ದೆ ಬರುತ್ತಿಲ್ಲವಲ್ಲ, ಕೈ ನಡುಗುತ್ತಿದೆಯಲ್ಲ, ಅದನ್ನಾದರೂ ತೋರಿಸೋಣ ಎಂದು ಕರೆಯಿರಿ. ನಮ್ಮ ಮಾವ ಒಪ್ಪಿ ಬಸ್ಸು ಹತ್ತಿದ್ದು ನಿದ್ದೆಯ ಮಾತ್ರೆ ಸಿಗುತ್ತದೆ ಎಂಬ ಕಾರಣಕ್ಕೆ.

ಆಸ್ಪತ್ರೆಯಲ್ಲಿ ಮಾವ ಇದ್ದದ್ದು ಹನ್ನೆರಡು ದಿನ. ಆಮೇಲೆ ಕುಡಿಯುವ ತುಡಿತ ತಗ್ಗಿಸುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರು. ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಎಂಬ ಔಷಧಗಳು ಇದಕ್ಕಾಗಿ ಇವೆ, ಯಾವುದು ಯಾರಿಗೆ ಎಂಬುದು ಯಕೃತ್ತು ಮತ್ತು ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಐದನೆಯ ತಿಂಗಳಲ್ಲಿ, ಊರಹಬ್ಬದ ರಾತ್ರಿ, ಅವರು ಮತ್ತೆ ಕುಡಿದರು. ಈ ಬಾರಿ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಅತ್ತೆ ಒಪಿಡಿ ಚೀಟಿಯಲ್ಲಿದ್ದ ಮುಂದಿನ ತಾರೀಕಿಗೆ ಕಾಯದೆ, ಎದುರಿಗೆ ಬಂದ ಮಂಗಳವಾರವೇ ಅವರನ್ನು ಕರೆದುಕೊಂಡು ಹೋದರು. ಆ ಚೀಟಿಗಳನ್ನೆಲ್ಲ ಆಕೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿದ್ದಾರೆ. ಮುಂದಿನ ಭೇಟಿಯ ತಾರೀಕಿಗೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುವುದು ಈಗ ಮಾವನ ಕೆಲಸ.