ಸ್ಟ್ರೀಟ್ ಫೈಟರ್ ಸೀಕೊ: ಮುಂಬಯಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಸೀಕೊ 5 ಸ್ಪೋರ್ಟ್ಸ್ ಸರಣಿಯಲ್ಲಿ 2020ರಲ್ಲಿ ಸ್ಟ್ರೀಟ್ ಫೈಟರ್ 5 ಆಟದ ಆರು ಪಾತ್ರಗಳ ವಾಚು ಬಂದವು: ರ್ಯು, ಕೆನ್, ಚುನ್-ಲಿ, ಗೈಲ್, ಬ್ಲಾಂಕಾ, ಜಾಂಗೀಫ್. ಒಂದೊಂದು ಪಾತ್ರಕ್ಕೂ ತಯಾರಾದದ್ದು 9,999 ವಾಚು ಮಾತ್ರ. ಈಗ ಕೈಗೆ ಬರುವುದು ಹೆಚ್ಚಾಗಿ ಕೈ ಬದಲಾದ ಮಾಲೇ.

ಇವುಗಳ ಒಳಗಿರುವುದು ಸಾಮಾನ್ಯ ಸೀಕೊ 5ರಲ್ಲೂ ಇರುವ 4ಆರ್36 ಯಂತ್ರ. ಹಾಗಾಗಿ ಡಯಲ್, ಬೆಜೆಲ್ (ಗಾಜಿನ ಸುತ್ತಲಿನ ಉಂಗುರ) ಬದಲಿಸಿ ‘ರ್ಯು’ ತಯಾರಿಸುವುದು ಕಷ್ಟವಲ್ಲ. ಹಳೆ ಸೀಕೊಗೆ ಹೊಸದಾಗಿ ಬಣ್ಣ ಬಳಿದ ಡಯಲ್ ಹಾಕಿ ಮಾರುವ ಕಸುಬು ಈ ಊರಿಗೆ ಹೊಸದೂ ಅಲ್ಲ. ಚೋರ್ ಬಜಾರ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಡಯಲ್ ನೋಡಿ ಮರುಳಾಗಬೇಡಿ, ಮೊದಲು ವಾಚನ್ನು ಬೋರಲು ಹಾಕಿ.

ಹಿಂಬದಿಯಲ್ಲಿ ಮೂರು ಗುರುತು ಹುಡುಕಿ: 4ಆರ್36 ಎಂದು ಶುರುವಾಗುವ ಸಂಖ್ಯೆ, ಆರಂಕಿಯ ಸೀರಿಯಲ್, ಲಿಮಿಟೆಡ್ ಎಡಿಷನ್ ಕ್ರಮಸಂಖ್ಯೆ. ಸೀರಿಯಲ್‌ನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 2020ರಲ್ಲಿ ಬಂದ ವಾಚಿಗೆ ಮೊದಲ ಅಂಕಿ 7 ಅಂತಿದ್ದರೆ ಆ ಹಿಂಬದಿ ಬೇರೆ ವಾಚಿನದು. ವಾರಂಟಿ ಕಾರ್ಡಿನ ಸೀರಿಯಲ್ ಇದಕ್ಕೆ ತಾಳೆಯಾಗಲೇಬೇಕು. ಮುಚ್ಚಳದ ಕಚ್ಚುಗಳ ಅಂಚಿನಲ್ಲಿ ಉಪಕರಣ ಜಾರಿದ ಗೀರುಗಳಿದ್ದರೆ ಯಾರೋ ತೆರೆದಿದ್ದಾರೆ. ಯಾಕೆ ತೆರೆದರೆಂದು ಕೇಳಿ. 12ರ ಗೆರೆಗೂ ಒಳಗಿನ ನಿಮಿಷದ ಉಂಗುರಕ್ಕೂ ಕೂದಲೆಳೆ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಅಸಲಿ ಸೀಕೊದಲ್ಲೂ ಅದು ಇರುತ್ತದೆ.

ಆಮೇಲೆ ಓಡಿಸಿ ನೋಡಿ. ಕೀಲಿ, ಅಂದರೆ ಪಕ್ಕದಲ್ಲಿ ತಿರುಗಿಸುವ ಗುಂಡಿ, 4 ಗಂಟೆಯ ಜಾಗದಲ್ಲಿದೆ. ಒಳಗೆ ಒತ್ತಿದ ಸ್ಥಿತಿಯಲ್ಲೇ ಬಲಕ್ಕೆ ಸುಮಾರು 55 ಸುತ್ತು ಕೊಟ್ಟರೆ ಪೂರ್ತಿ ಕೀಲಿ, 41 ಗಂಟೆ ನಡೆಯಬೇಕು. ಎರಡನೇ ಹಂತಕ್ಕೆ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲಬೇಕು. ಮೊದಲ ಹಂತದಲ್ಲಿ ಒಂದು ಕಡೆ ತಿರುಗಿಸಿದರೆ ತಾರೀಕು, ಇನ್ನೊಂದು ಕಡೆ ವಾರ. ಆದರೆ ಮುಳ್ಳು ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇದ್ದಾಗ ತಾರೀಕು ಮುಟ್ಟಲೇಬೇಡಿ. ಆಗ ಬದಲಾಯಿಸುವ ಚಕ್ರ ತಾರೀಕಿನ ಹಲ್ಲಿಗೆ ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಮೊದಲು ಮುಳ್ಳನ್ನು 6ಕ್ಕೆ ತನ್ನಿ.

ಹಣ ಕೊಡುವ ಮೊದಲು ಟೈಮ್‌ಗ್ರಾಫರ್ (ವಾಚಿನ ಓಟ ಅಳೆಯುವ ಯಂತ್ರ) ಇರುವ ರಿಪೇರಿಯವರ ಬಳಿ ಇಡಿಸಿ. ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡದವರನ್ನು ಕೇಳಿದರೆ ನಂಬಿಕೆಯವರು ಗೊತ್ತಾಗುತ್ತಾರೆ. ಅಳೆಯುವ ಯಂತ್ರಕ್ಕೆ ಕೊಡಬೇಕಾದ ಲಿಫ್ಟ್ ಆ್ಯಂಗಲ್ 53 ಡಿಗ್ರಿ, ಬೀಟ್ ಗಂಟೆಗೆ 21,600. ದಿನಕ್ಕೆ 45 ಸೆಕೆಂಡ್ ಮುಂದೆ, 35 ಹಿಂದೆ ಹೋಗುವುದನ್ನು ಕಂಪನಿಯೇ ಒಪ್ಪುತ್ತದೆ. 15ರೊಳಗಿದ್ದರೆ ಬಹಳ ಚೆನ್ನಾಗಿದೆ. ನಿಮಿಷಗಟ್ಟಲೆ ಮುಂದೋಡುತ್ತಿದ್ದರೆ ಬಹುಪಾಲು ಅಯಸ್ಕಾಂತದ ಕಾಟ: ಸ್ಪೀಕರ್, ಇಯರ್‌ಬಡ್ ಡಬ್ಬಿ, ಮೊಬೈಲ್ ಕವರ್. ದಿಕ್ಸೂಚಿಯ ಪಕ್ಕ ಹಿಡಿದಾಗ ಸೂಜಿ ಕದಲಿದರೆ ಡೀಮ್ಯಾಗ್ನೆಟೈಸ್ ಮಾಡಿಸಿ, ನಿಮಿಷದ ಕೆಲಸ. ಪೂರ್ತಿ ಕೀಲಿ ಕೊಟ್ಟೂ ಆಂಪ್ಲಿಟ್ಯೂಡ್ (ಒಳಗಿನ ತೂಗುಚಕ್ರ ಎಷ್ಟು ತಿರುಗುತ್ತದೆಂಬ ಅಳತೆ) 200 ಡಿಗ್ರಿ ದಾಟದಿದ್ದರೆ ಎಣ್ಣೆ ಒಣಗಿರಬಹುದು. ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಇಳಿಸಿ.

ಇನ್ನು ಮಳೆಗಾಲ. 100 ಮೀಟರ್ ಎಂದು ಬರೆದಿದ್ದರೂ ಕೀಲಿ ತಿರುಪಿ ಬಿಗಿಯುವಂಥದ್ದಲ್ಲ, ಮತ್ತು ಒಮ್ಮೆ ತೆರೆದ ವಾಚಿನ ಗ್ಯಾಸ್ಕೆಟ್ (ಮುಚ್ಚಳದ ರಬ್ಬರ್ ಉಂಗುರ) ನೀರು ತಡೆಯುತ್ತದೆಂದು ಪರೀಕ್ಷೆ ಮಾಡಿಸದೆ ನಂಬಬೇಡಿ. ಗಾಜಿನೊಳಗೆ ಮಂಜು ಕಂಡರೆ ಬಿಸಿಲಿಗಿಡಬೇಡಿ, ಅದೇ ದಿನ ತೆರೆಸಿ ಒಣಗಿಸಿ; ತಡವಾದರೆ ಮುಳ್ಳಿಗೂ ಯಂತ್ರಕ್ಕೂ ತುಕ್ಕು. ಲೋಕಲ್ ಟ್ರೇನಿನ ಬೆವರಿಗೆ 22 ಮಿ.ಮೀ. ಅಗಲದ ಅಗ್ಗದ ನೈಲಾನ್ ಪಟ್ಟಿ ಹಾಕಿಕೊಳ್ಳಿ. ಅಸಲಿ ಪಟ್ಟಿ ಡಬ್ಬಿಯಲ್ಲೇ ಇರಲಿ, ಜೊತೆಗೆ ನೀಲಿ ಸಿಲಿಕಾ ಜೆಲ್ ಪೊಟ್ಟಣ. ಹರಳು ಗುಲಾಬಿಯಾದರೆ ತೇವ ಕುಡಿದಿದೆ, ಬದಲಿಸಿ.