ಸ್ಟೀಲ್ ಮುಚ್ಚಳ ಕೊಟ್ಟು ಡೈಪರ್ ಬಿಡಿಸಿದ್ದು: ನನ್ನ ಅನುಭವ

"ಮೊದಲು ಮಾತು ಬರಲಿ, ಟಾಯ್ಲೆಟ್ ಆಮೇಲೆ ನೋಡೋಣ" ಅಂದವರು ಒಬ್ಬಿಬ್ಬರಲ್ಲ. ನಾನು ಸ್ಪೆಷಲ್ ಎಜುಕೇಟರ್, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವವಳು; ನನ್ನ ಜೊತೆಯವರೇ ನಕ್ಕಿದ್ದರು. ನಾನು ಕಲಿಸುವ ಈ ಹುಡುಗನಿಗೆ ಆರೂವರೆ ವರ್ಷ, ಆಟಿಸಂ, ಮಾತಿಲ್ಲ. ದಿನಕ್ಕೆ 4 ಡೈಪರ್. ದೊಡ್ಡ ಸೈಜಿನದು ಒಂದಕ್ಕೆ 25 ರೂಪಾಯಿ ಆಸುಪಾಸು, ಅಲ್ಲಿಗೆ ತಿಂಗಳಿಗೆ 3,000. ಅಪ್ಪ ದಾವಣಗೆರೆಯಲ್ಲಿ ಆಟೋ ಓಡಿಸುತ್ತಾರೆ, ನನ್ನ ಫೀಸು ಬೇರೆ. ಈಗ ಐದು ತಿಂಗಳಿಂದ ಹಗಲು ಡೈಪರ್ ಇಲ್ಲ.

ಮೊದಲು ಸೋತ ಕಥೆ. ಎಲ್ಲರ ಹಾಗೆ ನಾನೂ ಅರ್ಧ ಗಂಟೆಗೊಮ್ಮೆ ಕೂರಿಸುವ ಶೆಡ್ಯೂಲ್ ಹಾಕಿದೆ. ಎರಡು ತಿಂಗಳು ಹಾಳು. ಹುಡುಗ ಕೂರೋದನ್ನು ಚೆನ್ನಾಗಿ ಕಲಿತ. ಕೂತು, ಎದ್ದು, ಚಿಪ್ಸ್ ತಿಂದು, ಆಚೆ ಬಂದು ಟಿವಿ ಹಿಂದೆ ಒಂದಕ್ಕೆ ಮಾಡುತ್ತಿದ್ದ. ತಪ್ಪು ನನ್ನದೇ. ಚಿಪ್ಸ್ ಸಿಗುತ್ತಿದ್ದುದು ಕೂತಿದ್ದಕ್ಕೆ, ಮಾಡಿದ್ದಕ್ಕಲ್ಲ.

ಆಮೇಲೆ ಶೆಡ್ಯೂಲ್ ಬಿಟ್ಟೆ. ಮಲಬದ್ಧತೆ, ಸೋಂಕು ಇಲ್ಲ ಅಂತ ಡಾಕ್ಟರ್ ಹತ್ತಿರ ಖಾತ್ರಿ ಮಾಡಿಕೊಂಡು, ಮೂರು ದಿನ ಡೈಪರ್ ತೆಗೆಸಿ, ಬರೀ ಚಡ್ಡಿಯಲ್ಲಿ ಬಿಟ್ಟು, 15 ನಿಮಿಷಕ್ಕೊಮ್ಮೆ ಒದ್ದೆಯೋ ಒಣಗಿದೆಯೋ ಅಂತ ಹಳೇ ಕ್ಯಾಲೆಂಡರ್ ಹಿಂದೆ ಬರೆದೆವು. ಮನೆಯೆಲ್ಲ ಫಿನಾಯಿಲ್ ವಾಸನೆ. ಆದರೆ ಲೆಕ್ಕ ಸಿಕ್ಕಿತು: ಒಂದು ಲೋಟ ಮಜ್ಜಿಗೆ ಕುಡಿದರೆ ಹೆಚ್ಚು ಕಮ್ಮಿ 25 ನಿಮಿಷ, ಇಲ್ಲದಿದ್ದರೆ ಒಂದೂವರೆ ಗಂಟೆ.

ಬೇಗ ಟಾಯ್ಲೆಟ್ ಕಲಿಸೋಕೆ ಅಜ್ರಿನ್ ಮತ್ತು ಫಾಕ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1971ರಲ್ಲಿ ಬರೆದ ವಿಧಾನವೊಂದಿದೆ. ಅದರಲ್ಲಿ, ಮೇಲಿಂದ ಮೇಲೆ ಒಂದಕ್ಕೆ ಬರಲಿ ಅಂತ ಜಾಸ್ತಿ ಕುಡಿಸೋದನ್ನು ಇಟ್ಟುಕೊಂಡೆ. ಒದ್ದೆ ಮಾಡಿಕೊಂಡ ಮೇಲೆ ಬೈದು, ಅವರ ಕೈಲೇ ನೆಲ ಒರೆಸಿಸೋದು ಇದೆಯಲ್ಲ, ಅದನ್ನು ಕಿತ್ತು ಹಾಕಿದೆ. ಅದು ಶಿಕ್ಷೆಯೇ, ಹೆಸರು ಏನೇ ಇರಲಿ. ನೀರು ಕುಡಿ ಅಂದರೆ ಕುಡಿಯದವನು ಖಾರ ಮಂಡಕ್ಕಿ ಮುಂದಿಟ್ಟರೆ ಎರಡು ಲೋಟ ಮಜ್ಜಿಗೆ ಮುಗಿಸುತ್ತಿದ್ದ. ಊರಿನ ಮಂಡಕ್ಕಿ ಹೀಗೂ ಕೆಲಸಕ್ಕೆ ಬಂತು! ಅಜ್ರಿನ್, ಫಾಕ್ಸ್ ಥರ ಒದ್ದೆಯಾದರೆ ಕೂಗುವ ಅಲಾರಂ ಮಾಡೋಣ ಅಂತ 600 ರೂಪಾಯಿ ಸುರಿದು ಮಳೆ ಸೆನ್ಸರ್ ತರಿಸಿ, ಅಣ್ಣನ ಮಗನ ಕೈಲಿ ಬೆಸುಗೆ ಹಾಕಿಸಿದೆ. ಬೆವರಿಗೂ ಕೂಗಿತು. ಹುಡುಗ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿದ. ಅಲ್ಲಿಗೆ ಅದು ಮುಗಿಯಿತು.

ನಿಜವಾದ ಕೆಲಸ ಮಾಡಿದ್ದು ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಅದನ್ನು ನೆಲದ ಮೇಲೆ ತಿರುಗಿಸಿ ನೋಡೋದು ಅವನಿಗೆ ಪ್ರಾಣ. ಅದೊಂದನ್ನೇ ಎತ್ತಿಟ್ಟೆವು, ಉಳಿದ ಆಟದ ಸಾಮಾನು ಎಲ್ಲ ಕೈಗೆ ಸಿಗುವ ಹಾಗೇ ಇದ್ದವು. ಟಾಯ್ಲೆಟ್‌ನಲ್ಲಿ ಒಂದು ಹನಿ ಬಿದ್ದರೂ ತಕ್ಷಣ ಮುಚ್ಚಳ ಕೈಗೆ, ಎರಡು ನಿಮಿಷ ಆಟ. ಮೊದಲ ವಾರ ಏನೂ ಆಗಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡರೆ, ನಾನು ಹೋದ ಮೇಲೆ ಅಜ್ಜಿ ಕದ್ದು ಕೊಡುತ್ತಿದ್ದರು. "ಏನ್ ಮಾಡ್ಲವ್ವ, ಕೂಸು ಕೈ ಚಾಚಿತು" ಅಂದರು. ಬೈಯಲಿಲ್ಲ. ಮುಚ್ಚಳ ಕೊಡುವ ಕೆಲಸವನ್ನೇ ಅಜ್ಜಿಗೆ ಒಪ್ಪಿಸಿದೆ. ಆಮೇಲೆ ಅವರಷ್ಟು ಕಟ್ಟುನಿಟ್ಟು ನಾನೂ ಇರಲಿಲ್ಲ.

ಇನ್ನೊಂದು ಎಡವಟ್ಟು. ಟಾಯ್ಲೆಟ್ ಗುಂಡಿ ನೋಡಿ ಹೆದರುತ್ತಾನೆ ಅಂತ ಬಚ್ಚಲಲ್ಲಿ ಶುರು ಮಾಡಿದೆ. ಬೇಗ ಕಲಿತ, ನಾನೂ ಬೀಗಿದೆ. ಆಮೇಲೆ ಎಲ್ಲಿ ಬಚ್ಚಲು ಕಂಡರೂ ಅಲ್ಲೇ. ಸ್ನಾನ ಮಾಡುತ್ತಿದ್ದ ಚಿಕ್ಕಪ್ಪನ ಕಾಲ ಮೇಲೂ ಆಯಿತು. ಅದನ್ನು ತಿದ್ದಿ ಟಾಯ್ಲೆಟ್‌ಗೆ ತರೋಕೆ ಮೂರು ವಾರ ಹಿಡಿಯಿತು.

ಮಾತಿಲ್ಲದವನು ಟಾಯ್ಲೆಟ್ ಬೇಕು ಅಂತ ಕೇಳೋಕೆ ಬಾಗಿಲಿಗೆ ಚಿತ್ರದ ಕಾರ್ಡ್ ಅಂಟಿಸಿದ್ದೆವು. ಹೋಗುವ ಮುಂಚೆ ಪ್ರತಿ ಸಲ ಹಿಂದಿನಿಂದ ಕೈ ಹಿಡಿದು ಕೀಳಿಸುತ್ತಿದ್ದೆ. ಹಿಡಿತವನ್ನು ನಿಧಾನಕ್ಕೆ ಸಡಿಲಿಸಿದೆ: ಮೊದಲು ಕೈ, ಆಮೇಲೆ ಮೊಣಕೈ, ಆಮೇಲೆ ಭುಜ, ಆಮೇಲೆ ಮುಟ್ಟದೆ ಹಿಂದೆ ಬರೀ ನೆರಳಿನ ಹಾಗೆ. 40ನೇ ದಿನವೋ ಏನೋ, ನಾನು ಟೀ ಕುಡಿಯುತ್ತಾ ಕೂತಿದ್ದಾಗ ತಾನೇ ಕಾರ್ಡ್ ಕಿತ್ತು ತಂದು ಅಜ್ಜಿಯ ಮಡಿಲಿಗೆ ಹಾಕಿದ. ಟೀ ಅಲ್ಲೇ ಬಿಟ್ಟು ಓಡಿದೆವು.

ಎರಡಕ್ಕೆ ಹೋಗೋದು ಇನ್ನೂ ಪೂರ್ತಿ ಸರಿಹೋಗಿಲ್ಲ, ವಾರಕ್ಕೆ ಒಂದೆರಡು ಸಲ ತಪ್ಪುತ್ತೆ. ರಾತ್ರಿಗೆ ಒಂದು ಡೈಪರ್ ಇದೆ, ತಿಂಗಳಿಗೆ 750 ರೂಪಾಯಿ. ಮುಚ್ಚಳ ಈಗ ನಾಲ್ಕು ಸಲಕ್ಕೊಮ್ಮೆ.